ಹೆಚ್ಚು ಸಲ ಬಂದ ನಂಬರ್ ಮತ್ತೆ ಬರುತ್ತದಾ?

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಎಡಗಡೆ ಮೇಲಿನಿಂದ ಕೆಳಗೆ 1ರಿಂದ 49ರವರೆಗೆ ನಂಬರ್ ಬರೆದಿದ್ದಾರೆ. ಲಾಟರಿಯ ಪ್ರತಿ ಡ್ರಾ ಮುಗಿದ ಮೇಲೆ, ಬಂದ ಆರು ನಂಬರ್‌ಗಳ ಮುಂದೆ ಒಂದೊಂದು ಗೀಟು. ನಾಲ್ಕು ಗೀಟು ಆದರೆ ಐದನೆಯದು ಅಡ್ಡ. ಜಾಸ್ತಿ ಗೀಟು ಬಿದ್ದ ನಂಬರ್‌ಗೆ ಕೆಂಪು ಪೆನ್ನಿನಲ್ಲಿ ಸುತ್ತು. ಜೀವನವಿಡೀ ಲೆಕ್ಕ ಬರೆಯುವ ಕೆಲಸ ಮಾಡಿದವರು ಅವರು. ನೂರು ಡ್ರಾಗಳ ಪಟ್ಟಿಯಲ್ಲಿ ಒಂದು ಗೀಟೂ ತಪ್ಪಿಲ್ಲ.

"ನೋಡಪ್ಪಾ, 17 ಇಪ್ಪತ್ತು ಸಲ ಬಂದಿದೆ. 32 ಬರೀ ಐದು ಸಲ. ಇಷ್ಟು ವ್ಯತ್ಯಾಸ ಸುಮ್ನೆ ಆಗುತ್ತಾ?" ಅಂತ ಕೇಳಿದರು.

ಇದು ನಕ್ಕು ತಳ್ಳಿಹಾಕುವ ಪ್ರಶ್ನೆ ಅಲ್ಲ. ಕಣ್ಣೆದುರಿಗೆ ನಾಲ್ಕು ಪಟ್ಟು ವ್ಯತ್ಯಾಸ ಕಾಣುತ್ತಿರುವಾಗ, ಅದರಲ್ಲಿ ಏನೋ ಇದೆ ಅನ್ನಿಸುವುದು ಸಹಜ. ಈಗ ಅದೇ ನೋಟ್‌ಬುಕ್ ಮೊಬೈಲಿಗೂ ಬಂದಿದೆ. ಜಾಸ್ತಿ ಬಂದದ್ದು 'ಹಾಟ್ ನಂಬರ್', ಕಡಿಮೆ ಬಂದದ್ದು 'ಕೋಲ್ಡ್ ನಂಬರ್' ಅಂತ ಬಣ್ಣ ಹಚ್ಚಿ ತೋರಿಸುವ ಆ್ಯಪ್‌ಗಳಿವೆ. ಎಐ ಹಿಂದಿನ ಡ್ರಾಗಳನ್ನೆಲ್ಲ ಓದಿ ಮುಂದಿನದನ್ನು ಹೇಳುತ್ತದೆ ಎಂದು ಹೇಳಿಕೊಂಡು ತಿಂಗಳಿಗಿಷ್ಟು ಅಂತ ದುಡ್ಡು ಕೇಳುವವರಿದ್ದಾರೆ. ಎಷ್ಟೋ ಲಾಟರಿಗಳ ಸ್ವಂತ ವೆಬ್‌ಸೈಟ್‌ನಲ್ಲೇ ಯಾವ ನಂಬರ್ ಎಷ್ಟು ಸಲ ಬಂತು ಎಂಬ ಪಟ್ಟಿ ಸಿಗುತ್ತದೆ. ಪಟ್ಟಿ ನಿಜವೇ. ಅದರಿಂದ ನಾವು ಏನು ಅರ್ಥ ಮಾಡಿಕೊಳ್ಳುತ್ತೇವೆ ಅನ್ನುವುದರಲ್ಲಿ ತೊಂದರೆ ಇದೆ.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ: ಹೌದು, ಸುಮ್ನೆ ಆಗುತ್ತದೆ. ಆಗಲೇಬೇಕು ಕೂಡ.

ಲೆಕ್ಕ ನೋಡಿ. 49ರಲ್ಲಿ 6 ನಂಬರ್ ತೆಗೆಯುವ ಆಟದಲ್ಲಿ 100 ಡ್ರಾ ಆದರೆ ಒಂದು ನಂಬರ್ ಸರಾಸರಿ 12 ಸಲ ಬರಬೇಕು. ಆದರೆ ಸರಾಸರಿ ಅಂದರೆ ಎಲ್ಲರಿಗೂ ಸಮನಾಗಿ 12 ಅಂತ ಅಲ್ಲ. ಯಾವ ಮೋಸವೂ ಇಲ್ಲದ ಯಂತ್ರದಲ್ಲೂ ಪ್ರತಿ ನಂಬರ್ ಆ ಸರಾಸರಿಯಿಂದ ಮೂರು-ನಾಲ್ಕು ಆಚೀಚೆ ಓಡಾಡುವುದು ಮಾಮೂಲು. ಅದರ ಮೇಲೆ ಇಲ್ಲಿ 49 ನಂಬರ್‌ಗಳಿವೆ. ಇಷ್ಟು ಜನ ಓಡುವಾಗ ಒಬ್ಬರು ಎಲ್ಲರಿಗಿಂತ ಮುಂದೆ, ಒಬ್ಬರು ಎಲ್ಲರಿಗಿಂತ ಹಿಂದೆ ಇದ್ದೇ ಇರುತ್ತಾರೆ. ಮೊದಲನೆಯದು 20ರ ಹತ್ತಿರ, ಕೊನೆಯದು 5ರ ಹತ್ತಿರ ನಿಲ್ಲುತ್ತದೆ. ದೊಡ್ಡಪ್ಪನ ಪಟ್ಟಿ ಇರಬೇಕಾದ ಹಾಗೇ ಇತ್ತು. ಎಲ್ಲ 49 ನಂಬರ್‌ಗಳೂ ಸರಿಯಾಗಿ 12-13 ಸಲ ಬಂದಿದ್ದರೆ ಆಗ ನಾನು ಅನುಮಾನಪಡುತ್ತಿದ್ದೆ.

ಬಾಯಿಮಾತಿನ ಲೆಕ್ಕ ಅವರಿಗೆ ರುಚಿಸಲಿಲ್ಲ. ಹಾಗಾಗಿ ಒಂದು ದಾಳ ತಂದು ಮೇಜಿನ ಮೇಲೆ ಇಟ್ಟೆ. ನಾನು ಉರುಳಿಸುವುದು, ಅವರು ಗೀಟು ಹಾಕುವುದು. 60 ಸಲ. ಒಂದೊಂದು ಮುಖ 10 ಸಲ ಬರಬೇಕು ಅಲ್ವಾ? 3 ಬಂದದ್ದು 15 ಸಲ. 5 ಬಂದದ್ದು 6 ಸಲ. ಅವರು ಕೆಂಪು ಪೆನ್ನು ತೆಗೆದು 3ಕ್ಕೆ ಸುತ್ತು ಹಾಕಿದರು. "ಈಗ ಇದರ ಮೇಲೆ ದುಡ್ಡು ಕಟ್ಟುತ್ತೀರಾ?" ಅಂತ ಕೇಳಿದೆ. "ದಾಳಕ್ಕೆ ಏನು ಗೊತ್ತಾಗುತ್ತೆ" ಅಂದರು. ಮತ್ತೆ 60 ಸಲ ಉರುಳಿಸಿದೆವು. 3 ಬಂದದ್ದು 9 ಸಲ. 5 ಬಂದದ್ದು 11 ಸಲ. ಈ ಬಾರಿ 13 ಸಲ ಬಂದು ಮುಂದೆ ನಿಂತದ್ದು 4.

ಇಲ್ಲಿ ಒಂದು ಸೂಕ್ಷ್ಮ ಇದೆ. ಅನೇಕರು ಎಡವುವುದು ಇದೇ ಜಾಗದಲ್ಲಿ. ಮೊದಲ ಸುತ್ತಿನಲ್ಲಿ 3ಕ್ಕೆ ಐದು ಹೆಚ್ಚುವರಿ ಗೀಟು ಸಿಕ್ಕಿತ್ತು. ಎರಡನೇ ಸುತ್ತಿನಲ್ಲಿ ದಾಳ ಆ ಐದನ್ನು ವಾಪಸ್ ಕಿತ್ತುಕೊಳ್ಳಲಿಲ್ಲ. ಸುಮ್ನೆ ಮಾಮೂಲಿನ ಹಾಗೆ 9 ಸಲ ಬಂತು, ಅಷ್ಟೇ. ಒಟ್ಟು 120ರಲ್ಲಿ 24. ಹೆಚ್ಚುವರಿ ಇನ್ನೂ ನಾಲ್ಕು ಉಳಿದೇ ಇದೆ. ಆದರೆ ನೂರಕ್ಕೆ 25 ಇದ್ದದ್ದು ನೂರಕ್ಕೆ 20 ಆಯಿತು. ಹಳೆಯ ಹೆಚ್ಚು-ಕಡಿಮೆಯನ್ನು ಯಾರೂ ತೀರಿಸುವುದಿಲ್ಲ. ಹೊಸ ಡ್ರಾಗಳ ರಾಶಿಯಲ್ಲಿ ಅದು ಮುಚ್ಚಿಹೋಗುತ್ತದೆ. 49ರ ಆಟದಲ್ಲೇ ನೋಡಿ. 1,000 ಡ್ರಾ ಆದಾಗ ಮೊದಲ ಮತ್ತು ಕೊನೆಯ ನಂಬರ್ ನಡುವಿನ ಅಂತರ ಸುಮಾರು 45 ಇರುತ್ತದೆ. 10,000 ಡ್ರಾ ಆದಾಗ ಅದು 145ರ ಆಸುಪಾಸಿಗೆ ಹೋಗುತ್ತದೆ. ಅಂತರ ಬೆಳೆಯುತ್ತಲೇ ಹೋಗುತ್ತದೆ. ಆದರೆ ಎಷ್ಟು ಪಟ್ಟು ಎಂಬ ಲೆಕ್ಕದಲ್ಲಿ ಮೊದಲು ನಾಲ್ಕು ಪಟ್ಟು ಇದ್ದದ್ದು ಒಂದೂವರೆ ಪಟ್ಟಾಗಿ, ಆಮೇಲೆ ಇನ್ನೂ ಇಳಿದು ಬಹುತೇಕ ಸಮ ಆಗುತ್ತದೆ. ಆ್ಯಪ್‌ಗಳು ಕೊನೆಯ 50, ಕೊನೆಯ 100 ಡ್ರಾ ಅಂತ ಚಿಕ್ಕ ಪಟ್ಟಿ ಯಾಕೆ ತೋರಿಸುತ್ತವೆ ಎಂದು ಇದರಿಂದ ಗೊತ್ತಾಗುತ್ತದೆ. ಪಟ್ಟಿ ಚಿಕ್ಕದಾದಷ್ಟೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

'ಹಳೆಯ ಬಾಕಿ ತೀರಲೇಬೇಕು' ಎಂಬ ನಂಬಿಕೆ ಎಷ್ಟು ದೂರ ಕರೆದೊಯ್ಯಬಹುದು ಅನ್ನುವುದಕ್ಕೆ ಇಟಲಿಯ 53ರ ಕಥೆ ಸಾಕು.

ಇಟಲಿಯ ಲಾಟರಿಯಲ್ಲಿ ಆಗ ಹತ್ತು ನಗರಗಳ ಹೆಸರಿನಲ್ಲಿ ಬೇರೆ ಬೇರೆ ಚಕ್ರಗಳಿದ್ದವು. ಪ್ರತಿ ಚಕ್ರದಲ್ಲೂ 1ರಿಂದ 90ರವರೆಗೆ ನಂಬರ್, ಪ್ರತಿ ಡ್ರಾದಲ್ಲಿ ಐದು ಹೊರಗೆ. 2003ರ ಮೇ 10ರಂದು ವೆನಿಸ್ ಚಕ್ರದಲ್ಲಿ 53 ಬಂತು. ಆಮೇಲೆ ಬರಲೇ ಇಲ್ಲ. ವಾರಕ್ಕೆ ಎರಡು ಡ್ರಾ. ತಿಂಗಳುಗಳು ಕಳೆದವು, ವರ್ಷ ಕಳೆಯಿತು. ಅಲ್ಲಿಯವರು ಇಂಥ ನಂಬರ್‌ಗಳನ್ನು 'ತಡವಾದವು' ಎಂದು ಕರೆಯುತ್ತಾರೆ. ಬಸ್ಸು ತಡವಾಗಿದೆ, ಇನ್ನೇನು ಬರುತ್ತದೆ ಅನ್ನುವ ಹಾಗೆ. ಪ್ರತಿ ಡ್ರಾ ತಪ್ಪಿದಾಗಲೂ ಜನ ಮುಂದಿನದಕ್ಕೆ ಇನ್ನೂ ಜಾಸ್ತಿ ಕಟ್ಟಿದರು. ಒಟ್ಟು 350 ಕೋಟಿ ಯೂರೋಗೂ ಹೆಚ್ಚು ಹಣ ಆ ಒಂದು ನಂಬರ್‌ನ ಮೇಲೆ ಬಿತ್ತು. ಕುಟುಂಬಗಳು ಉಳಿತಾಯ ಕಳೆದುಕೊಂಡವು, ಸಾಲಕ್ಕೆ ಬಿದ್ದವು. ಈ ಗೀಳಿಗೆ ನಾಲ್ಕು ಜೀವ ಹೋದವು ಎಂದು ಆಗ ವರದಿಯಾಯಿತು. ಕೊನೆಗೆ 2005ರ ಫೆಬ್ರವರಿ 9ರಂದು, 182 ಡ್ರಾಗಳು ಖಾಲಿ ಹೋದ ಮೇಲೆ, 53 ಬಂತು.

182 ಸಲ ಬಾರದೇ ಇರುವುದು ಪವಾಡದ ಹಾಗೆ ಕಾಣುತ್ತದೆ. ನಿಧಾನವಾಗಿ ಕೂಡಿ ನೋಡೋಣ. 90ರಲ್ಲಿ 5 ಅಂದರೆ ಒಂದು ನಂಬರ್ ಬರುವ ಸಾಧ್ಯತೆ 18ಕ್ಕೆ ಒಂದು. ಒಂದು ಸಲ ಬಂದ ನಂಬರ್ ಆಮೇಲೆ 182 ಡ್ರಾ ಬಾರದೇ ಇರುವ ಸಾಧ್ಯತೆ ಸುಮಾರು 33 ಸಾವಿರಕ್ಕೆ ಒಂದು. ಅಪರೂಪವೇ. ಆದರೆ ಆಗ ಪ್ರತಿ ಡ್ರಾದಲ್ಲೂ ಹತ್ತು ಚಕ್ರಗಳಿಂದ 50 ನಂಬರ್ ಹೊರಬರುತ್ತಿದ್ದವು. ಆ ಐವತ್ತಕ್ಕೂ ಅಂದಿನಿಂದ ಹೊಸ ಕಾಯುವಿಕೆ ಶುರು. ವರ್ಷಕ್ಕೆ ನೂರಾನಾಲ್ಕು ಡ್ರಾ ಅಂದರೆ 5,200 ಕಾಯುವಿಕೆಗಳು. 33 ಸಾವಿರವನ್ನು 5,200ರಿಂದ ಭಾಗಿಸಿದರೆ ಆರು ಚಿಲ್ಲರೆ. ಅಂದರೆ ಸರಾಸರಿ ಆರೇಳು ವರ್ಷಕ್ಕೊಮ್ಮೆ ಯಾವುದಾದರೂ ನಗರದಲ್ಲಿ ಯಾವುದಾದರೂ ಒಂದು ನಂಬರ್ ಹೀಗೆ ಕಾಯಿಸುವುದು ಸಹಜವಾಗಿತ್ತು. ಜನ ಆ ಒಂದರ ಮೇಲೆ ಟಾರ್ಚ್ ಬಿಟ್ಟು ಉಳಿದ ಸಾವಿರಾರು ಕಾಯುವಿಕೆಗಳನ್ನು ಕತ್ತಲಲ್ಲಿ ಬಿಟ್ಟರು. ಇನ್ನೊಂದು ಮಾತನ್ನೂ ಯಾರೂ ಗಮನಿಸಲಿಲ್ಲ. 18ಕ್ಕೆ ಒಂದರ ಆಟಕ್ಕೆ ಗೆದ್ದವರಿಗೆ ಕೊಡುತ್ತಿದ್ದದ್ದು ಸುಮಾರು 11 ಪಟ್ಟು ಮಾತ್ರ. 181 ಸಲ ತಪ್ಪಿದ ಮೇಲೂ ಮುಂದಿನ ಡ್ರಾದಲ್ಲಿ 53ರ ಸಾಧ್ಯತೆ ಅದೇ 18ಕ್ಕೆ ಒಂದು.

53 ಕೋಲ್ಡ್ ನಂಬರ್, ನಾವು ಮಾತಾಡುತ್ತಿರುವುದು ಹಾಟ್ ನಂಬರ್ ಬಗ್ಗೆ ಅಂತ ನೀವು ಹೇಳಬಹುದು. ಎರಡೂ ಒಂದೇ ಬಳ್ಳಿಯ ಕಾಯಿ. ಬಂದದ್ದು ಮತ್ತೆ ಬರುತ್ತದೆ ಎಂದು ಒಂದು ಹೇಳುತ್ತದೆ, ಬಾರದ್ದು ಬಂದೇ ಬರುತ್ತದೆ ಎಂದು ಇನ್ನೊಂದು. ಯಂತ್ರದಿಂದ ಹೊರಬರುವ, ನಂಬರ್ ಬರೆದ ಚೆಂಡಿಗೆ ನೆನಪಿದೆ ಎಂದು ಎರಡೂ ನಂಬುತ್ತವೆ. ಡೆನ್ಮಾರ್ಕ್‌ನ ಲಾಟರಿ ಆಟಗಾರರ ಟಿಕೆಟ್‌ಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಸಿಕ್ಕದ್ದು ಇದೇ ಎರಡು ಮುಖ. ಹಿಂದಿನ ವಾರ ಬಂದ ನಂಬರ್ ಅನ್ನು ಆಟಗಾರರು ಬಿಡುವ ಕಡೆಗೆ ವಾಲುತ್ತಾರೆ. ಅದೇ ನಂಬರ್ ವಾರ ವಾರವೂ ಬರುತ್ತಾ ಹೋದರೆ ಆಗ ಅದರ ಹಿಂದೆ ಓಡುತ್ತಾರೆ. ಅನೇಕ ಆ್ಯಪ್‌ಗಳು ಎರಡನ್ನೂ ಒಂದೇ ಪರದೆಯ ಮೇಲೆ ಕೊಡುವುದು ಇದಕ್ಕೇ. ಯಾವ ನಂಬರ್ ಬಂದರೂ ನಾವು ಹೇಳಿದ್ದೆವು ಅನ್ನಬಹುದು.

ದೊಡ್ಡಪ್ಪ ಆಮೇಲೆ ಎತ್ತಿದ ಪ್ರಶ್ನೆ ಇನ್ನೂ ಗಟ್ಟಿಯದು. ಯಂತ್ರದಲ್ಲೇ ದೋಷ ಇದ್ದರೆ? ಒಂದು ಚೆಂಡು ಕೊಂಚ ಹಗುರ ಇದ್ದು, ಅದಕ್ಕೇ ಜಾಸ್ತಿ ಬರುತ್ತಿದ್ದರೆ?

ತರ್ಕದ ಪ್ರಕಾರ ಇದು ಸಾಧ್ಯ. 1980ರ ಏಪ್ರಿಲ್ 24ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಗೇ ಆಯಿತು. ಮೂರು ಅಂಕಿಯ ಆಟ. ಒಳಗಿನವರೇ 4 ಮತ್ತು 6 ಬಿಟ್ಟು ಉಳಿದ ಚೆಂಡುಗಳೊಳಗೆ ಬಣ್ಣ ಚುಚ್ಚಿ ಭಾರ ಮಾಡಿದ್ದರು. ಬಂದದ್ದು 666. ಆದರೆ ಮೋಸ ಬಯಲಾದ ದಾರಿ ನೋಡಿ. ಯಾರೂ ಹಳೆಯ ಡ್ರಾಗಳ ಪಟ್ಟಿ ನೋಡಿ ಹಿಡಿಯಲಿಲ್ಲ. 4 ಮತ್ತು 6 ಸೇರಿ ಆಗುವ ಎಂಟು ಜೋಡಣೆಗಳ ಮೇಲೆ ವಿಪರೀತ ದುಡ್ಡು ಬಿದ್ದಿತ್ತು, ಅದೇ ಅನುಮಾನ ಹುಟ್ಟಿಸಿತು. ಅಪರಾಧಿಗಳಿಗೆ ಶಿಕ್ಷೆಯಾಯಿತು. ಒಂದು ರಾತ್ರಿಯ ಮೋಸ ವರ್ಷಗಳ ಪಟ್ಟಿಯಲ್ಲಿ ಒಂದೇ ಒಂದು ಗೀಟು. ಅದರಿಂದ ಯಾವ ನಂಬರ್ ಕೂಡ 'ಹಾಟ್' ಆಗುವುದಿಲ್ಲ.

ಇನ್ನು ಮೋಸವಿಲ್ಲದ, ಸಣ್ಣ ದೋಷ ಇರುವ ಚೆಂಡನ್ನು ತೆಗೆದುಕೊಳ್ಳಿ. ಅದು ಬೇರೆಯವಕ್ಕಿಂತ ನೂರಕ್ಕೆ ಐದರಷ್ಟು ಹೆಚ್ಚು ಸಲ ಬರುತ್ತದೆ ಎಂದಿಟ್ಟುಕೊಳ್ಳೋಣ. ಆ ಐದನ್ನು ಬರೀ ಅದೃಷ್ಟದ ಏರಿಳಿತದಿಂದ ಬೇರ್ಪಡಿಸಿ, ಇದು ದೋಷವೇ ಎಂದು ಧೈರ್ಯವಾಗಿ ಹೇಳಲು ಸುಮಾರು 25 ಸಾವಿರ ಡ್ರಾ ಬೇಕು. ವಾರಕ್ಕೆ ಎರಡರ ಲೆಕ್ಕದಲ್ಲಿ ಹತ್ತಿರ ಹತ್ತಿರ 250 ವರ್ಷ. ಅಷ್ಟು ವರ್ಷ ಅದೇ ಚೆಂಡು, ಅದೇ ಯಂತ್ರ ಇರಬೇಕು. ಆದರೆ ದೊಡ್ಡ ಲಾಟರಿಗಳು ಒಂದಕ್ಕಿಂತ ಹೆಚ್ಚು ಯಂತ್ರ, ಹಲವು ಕಟ್ಟು ಚೆಂಡುಗಳನ್ನು ಇಟ್ಟುಕೊಂಡಿರುತ್ತವೆ. ತೂಕ, ಅಳತೆ ನೋಡುತ್ತಾರೆ. ಅಂದಂದಿಗೆ ಯಾವುದನ್ನು ಬಳಸಬೇಕು ಎಂದು ಅಲ್ಲಿಯೇ ಆರಿಸುತ್ತಾರೆ. ದೊಡ್ಡಪ್ಪನ ನೋಟ್‌ಬುಕ್‌ನಲ್ಲಿ 17ರ ಮುಂದಿನ ಇಪ್ಪತ್ತು ಗೀಟುಗಳು ಒಂದೇ ಚೆಂಡಿನವು ಅಲ್ಲ. 17 ಎಂದು ಬರೆದ ಬೇರೆ ಬೇರೆ ಚೆಂಡುಗಳವು. ಈ ಮಾತು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಅಷ್ಟು ದಿನದಲ್ಲಿ ಇದು ಅವರಿಗೆ ಹೊಳೆದಿರಲಿಲ್ಲ. ನನಗೂ ಬಹಳ ಕಾಲ ಹೊಳೆದಿರಲಿಲ್ಲ.

ಸರಿ, ಪವಾಡವಾಗಿ ಅಂಥ ಆರು ಚೆಂಡು ಸಿಕ್ಕೇಬಿಟ್ಟವು ಅಂತಲೇ ಇಟ್ಟುಕೊಳ್ಳಿ. ಆರಕ್ಕೂ ನೂರಕ್ಕೆ ಐದು ಹೆಚ್ಚಾದರೆ ಜಾಕ್‌ಪಾಟ್ ಸಾಧ್ಯತೆ ಒಂದೂ ಕಾಲು ಪಟ್ಟಿಗಿಂತ ಸ್ವಲ್ಪ ಮೇಲೆ ಹೋಗುತ್ತದೆ. ಎಷ್ಟೋ ಲಾಟರಿಗಳು ಟಿಕೆಟ್ ಮಾರಿ ಬಂದ ಹಣದಲ್ಲಿ ಅರ್ಧದಷ್ಟನ್ನು ಮಾತ್ರ ಬಹುಮಾನವಾಗಿ ಹಂಚುತ್ತವೆ. ಅರ್ಧಕ್ಕೆ ಕಾಲು ಪಟ್ಟು ಸೇರಿಸಿದರೂ ಹಾಕಿದ ದುಡ್ಡು ಪೂರ್ತಿ ಹುಟ್ಟುವುದಿಲ್ಲ.

ಪಟ್ಟಿಗಳಲ್ಲಿ ಇನ್ನೊಂದು ತಪ್ಪೂ ಕಾಣಸಿಗುತ್ತದೆ. ಬ್ರಿಟನ್ನಿನ ಲೊಟ್ಟೊ ಆಟದಲ್ಲಿ 2015ರ ಅಕ್ಟೋಬರ್‌ವರೆಗೆ 49 ನಂಬರ್ ಇದ್ದವು, ಆಮೇಲೆ 59 ಆದವು. ಅಮೆರಿಕದ ಪವರ್‌ಬಾಲ್‌ನಲ್ಲಿ ಅದೇ ತಿಂಗಳು ಬಿಳಿ ಚೆಂಡುಗಳು 59ರಿಂದ 69ಕ್ಕೆ ಏರಿದವು. ಹಳೆಯ-ಹೊಸ ಡ್ರಾಗಳನ್ನು ಒಟ್ಟಿಗೆ ಕೂಡಿಸಿದ ಪಟ್ಟಿಯಲ್ಲಿ ಚಿಕ್ಕ ನಂಬರ್‌ಗಳು 'ಹಾಟ್', ದೊಡ್ಡವು 'ಕೋಲ್ಡ್' ಆಗಿ ಕಾಣುತ್ತವೆ. ಪಾಪ, ಅವು ಹುಟ್ಟಿದ್ದೇ ತಡವಾಗಿ.

ಹಾಗಾದರೆ ಈ ಆ್ಯಪ್‌ಗಳು ಕೆಲವರಿಗೆ ಕೆಲಸ ಮಾಡಿದ ಹಾಗೆ ಯಾಕೆ ಕಾಣುತ್ತವೆ? 'ಕಳೆದ ಡ್ರಾದಲ್ಲಿ ಬಂದ ಆರರಲ್ಲಿ ಮೂರು ನಮ್ಮ 20 ಹಾಟ್ ನಂಬರ್‌ಗಳ ಪಟ್ಟಿಯಲ್ಲೇ ಇದ್ದವು' ಎಂಬ ಜಾಹೀರಾತು ನೋಡಿ. ಕಣ್ಣು ಮುಚ್ಚಿ ಯಾವುದೇ 20 ನಂಬರ್ ಬರೆದರೂ ನೂರರಲ್ಲಿ 47 ಸಲ ಮೂರು ಅಥವಾ ಅದಕ್ಕಿಂತ ಹೆಚ್ಚು ಸಿಗುತ್ತವೆ. ಆರು ಡ್ರಾಗೆ ಒಂದು ಸಲ ನಾಲ್ಕೂ ಸಿಗುತ್ತವೆ. ಇನ್ನು ಸ್ಕ್ರೀನ್‌ಶಾಟ್‌ಗಳ ವಿಷಯ. ಒಂದು ಟಿಕೆಟ್‌ನಲ್ಲಿ ಸರಿಯಾಗಿ ನಾಲ್ಕು ನಂಬರ್ ಹೊಂದುವ ಸಾಧ್ಯತೆ ಸುಮಾರು 1,032ಕ್ಕೆ ಒಂದು. ಒಂದು ಲಕ್ಷ ಜನರಿಗೆ ಬೇರೆ ಬೇರೆ ನಂಬರ್ ಹಂಚಿದರೆ ಪ್ರತಿ ಡ್ರಾದಲ್ಲೂ ನೂರು ಜನರ ಹತ್ತಿರ ಖುಷಿಯ ಸ್ಕ್ರೀನ್‌ಶಾಟ್ ಇರುತ್ತದೆ. ಉಳಿದ 99,900 ಜನರು ಯಾರಿಗೂ ಏನೂ ಕಳಿಸುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇಲ್ಲಿ ಲಕ್ಷ ಕಾಗೆಗಳನ್ನು ಕೂರಿಸಿ ಮುರಿದ ಕೊಂಬೆಗಳ ಫೋಟೋ ಮಾತ್ರ ಹಾಕುತ್ತಾರೆ. ಎಐ ಅಂದರೂ ಇದು ಬದಲಾಗುವುದಿಲ್ಲ. ಹಿಂದಿನ ಡ್ರಾದಲ್ಲಿ ಮುಂದಿನ ಡ್ರಾ ಬಗ್ಗೆ ಸುಳಿವೇ ಇಲ್ಲದಿದ್ದಾಗ ಎಂಥ ಕಂಪ್ಯೂಟರ್ ಆದರೂ ಎಲ್ಲಿಂದ ತೆಗೆಯುತ್ತದೆ?

ನಂಬರ್ ಆರಿಸುವುದರಿಂದ ಏನೂ ಬದಲಾಗುವುದೇ ಇಲ್ಲವಾ ಅಂದರೆ, ಒಂದು ಬದಲಾಗುತ್ತದೆ. ಗೆಲ್ಲುವ ಸಾಧ್ಯತೆ ಅಲ್ಲ. ಅದು 49ರ ಆಟದಲ್ಲಿ ಯಾವ ಆರು ಬರೆದರೂ 1,39,83,816ಕ್ಕೆ ಒಂದು. 1, 2, 3, 4, 5, 6 ಬರೆದರೂ ಅಷ್ಟೇ. ಬದಲಾಗುವುದು, ಅಕಸ್ಮಾತ್ ಗೆದ್ದರೆ ಎಷ್ಟು ಜನರ ಜೊತೆ ಹಂಚಿಕೊಳ್ಳಬೇಕು ಅನ್ನುವುದು.

2009ರ ಸೆಪ್ಟೆಂಬರ್ 6ರಂದು ಬಲ್ಗೇರಿಯಾದಲ್ಲಿ 4, 15, 23, 24, 35, 42 ಬಂದವು. ನಾಲ್ಕು ದಿನ ಬಿಟ್ಟು, 10ರಂದು, ಮತ್ತೆ ಅವೇ ಆರು. ದೇಶವೇ ದಂಗಾಯಿತು, ತನಿಖೆಯಾಯಿತು, ಮೋಸ ಸಿಗಲಿಲ್ಲ. ಮೊದಲ ಸಲ ಆರೂ ಹೊಂದಿದ ಟಿಕೆಟ್ ಒಂದೂ ಇರಲಿಲ್ಲ. ಎರಡನೇ ಸಲ 18 ಇದ್ದವು. ಈಗಷ್ಟೇ ಬಂದ ನಂಬರ್‌ಗಳನ್ನೇ ಬರೆಯುವವರು ಇದ್ದೇ ಇರುತ್ತಾರೆ, ಗೆದ್ದರೂ ಅವರು ತಮ್ಮಂಥವರ ಜೊತೆಗೇ ಹಂಚಿಕೊಳ್ಳಬೇಕು. ಫಿಲಿಪ್ಪೀನ್ಸ್‌ನಲ್ಲಿ 2022ರ ಅಕ್ಟೋಬರ್ 1ರಂದು ಬಂದ ಆರೂ ನಂಬರ್ 9ರ ಮಗ್ಗಿಯವು: 9, 18, 27, 36, 45, 54. ಜಾಕ್‌ಪಾಟ್ ಹಂಚಿಕೊಂಡವರು 433 ಜನ. ಬ್ರಿಟನ್ನಿನಲ್ಲಿ 1995ರ ಜನವರಿಯ ಒಂದು ಡ್ರಾದಲ್ಲಿ 133 ಜನ ಹಂಚಿಕೊಂಡರು.

ಹಾಟ್ ನಂಬರ್ ಪಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಸಾವಿರಾರು ಜನ ಒಂದೇ ಆ್ಯಪ್ ತೆರೆದು ಒಂದೇ ಪಟ್ಟಿಯ ಮೇಲಿನ ಆರನ್ನು ಬರೆದರೆ ಏನಾಗುತ್ತದೆ? ಗೆಲ್ಲುವ ಸಾಧ್ಯತೆ ಒಂದು ಕೂದಲಿನಷ್ಟೂ ಏರಲಿಲ್ಲ. ಗೆದ್ದಾಗ ಸಿಗುವ ಪಾಲು ಮಾತ್ರ ಇಳಿಯಿತು. ಜಾಕ್‌ಪಾಟ್ ಹಂಚುವ ಆಟಗಳಲ್ಲಿ ಈ ಉಪಾಯ ನಿರುಪಯೋಗಿ ಅನ್ನುವುದೂ ಕಡಿಮೆಯೇ, ಅದು ನಷ್ಟ. ಹುಟ್ಟಿದ ದಿನ ಬರೆಯುವವರು 31ರ ಕೆಳಗೇ ಉಳಿಯುವುದರಿಂದ ಅಲ್ಲೂ ಗುಂಪು ಜಾಸ್ತಿ. ಆಡಲೇಬೇಕು ಅನ್ನುವವರು ಯಂತ್ರವೇ ಆರಿಸಿಕೊಡುವ ನಂಬರ್ ತೆಗೆದುಕೊಳ್ಳುವುದು ವಾಸಿ. ಅದರಿಂದಲೂ ಲಾಭದ ಬಾಬತ್ತು ಆಗುವುದಿಲ್ಲ, ಗುಂಪಿನಿಂದ ಸ್ವಲ್ಪ ಆಚೆ ನಿಲ್ಲಬಹುದು ಅಷ್ಟೇ.

ನನಗೆ ಇದರಲ್ಲಿ ನಿಜಕ್ಕೂ ಬೇಜಾರು ತರಿಸುವುದು ಬೇರೆ. ಅದೃಷ್ಟ ಅಂತ ಒಂದು ಟಿಕೆಟ್ ಕೊಳ್ಳುವವರಿಗೆ ಸೋತರೆ ಅದೃಷ್ಟ ಇಲ್ಲ ಅಂತ ಗೊತ್ತು. ಪಟ್ಟಿ ಹಿಡಿದು ಆಡುವವರು ಸೋತಾಗ ಪಟ್ಟಿ ಇನ್ನೂ ಸರಿಯಾಗಿಲ್ಲ ಅಂದುಕೊಳ್ಳುತ್ತಾರೆ. ಇನ್ನೂ ಹಿಂದಿನ ಡ್ರಾಗಳನ್ನು ಸೇರಿಸುತ್ತಾರೆ, ಇನ್ನೊಂದು ಟಿಕೆಟ್ ಕೊಳ್ಳುತ್ತಾರೆ. ಒಂದು ನಂಬರ್ ಹೊಂದಿದರೆ ದಾರಿ ಸರಿ ಇದೆ ಅನ್ನಿಸುತ್ತದೆ. ಶ್ರಮ ಹಾಕಿದ ಮೇಲೆ ಬಿಡುವುದು ಇನ್ನೂ ಕಷ್ಟ. ಶ್ರದ್ಧೆಯಿಂದ ಲೆಕ್ಕ ಬರೆಯುವವರೇ ಇದರಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತಾರೆ. ವೆನಿಸ್‌ನ 53ರ ಹಿಂದೆ ಹೋದವರೂ ತಮ್ಮ ಕೈಯಲ್ಲಿ ಲೆಕ್ಕ ಇದೆ ಎಂದು ನಂಬಿದವರೇ.

ದೊಡ್ಡಪ್ಪನಿಗೆ ನೋಟ್‌ಬುಕ್ ಬಿಡಿ ಅಂತ ನಾನು ಹೇಳಲಿಲ್ಲ. ಅದರಲ್ಲಿ ಎರಡು ಕಾಲಂ ಇಲ್ಲ ಅಂತ ಮಾತ್ರ ಹೇಳಿದೆ. ಟಿಕೆಟ್‌ಗೆ ಎಷ್ಟು ಹೋಯಿತು, ವಾಪಸ್ ಎಷ್ಟು ಬಂತು. ಬೇರೆಯವರ ಲೆಕ್ಕದಲ್ಲಿ ಜಮಾ-ಖರ್ಚು ಇಲ್ಲದ ಪುಟವನ್ನು ಅವರು ಎಂದೂ ಒಪ್ಪಿದವರಲ್ಲ. ಏನೂ ಮಾತಾಡಲಿಲ್ಲ.

ಹೋದ ವಾರ ಅವರ ಮನೆಗೆ ಹೋದಾಗ ಮೇಜಿನ ಮೇಲೆ ಹಳೆಯ ಟಿಕೆಟ್‌ಗಳ ಕಟ್ಟು ಬಿಚ್ಚಿತ್ತು. ರಬ್ಬರ್ ಬ್ಯಾಂಡ್ ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ತಾರೀಖಿನ ಪ್ರಕಾರ ಜೋಡಿಸುತ್ತಿದ್ದರು. ನೋಟ್‌ಬುಕ್‌ನ ಬಲಗಡೆ ಸ್ಕೇಲ್ ಇಟ್ಟು ಎಳೆದ ಎರಡು ಹೊಸ ಗೆರೆಗಳಿದ್ದವು. ಮೊದಲ ಕಾಲಂ ಅರ್ಧ ಪುಟದವರೆಗೆ ತುಂಬಿತ್ತು.